ಬಾಣಲೆ ಅವನಿಗೆ, ಗಾಳಿ ಇವಳಿಗೆ

ಅಪ್ಪ ಸತ್ತ ಮೇಲೆ ಪಾಲಾಗುವಾಗ ಅಣ್ಣ ಒಂದು ಮಾತು ಆಡಿದ್ದ. ಆಡಿದವನು ಅಂದೇ ಮರೆತ, ಆಡಿಸಿಕೊಂಡವಳು ಮರೆಯಲಿಲ್ಲ. ಲೋಕದಲ್ಲಿ ಯಾವಾಗಲೂ ಹೀಗೇ.

ಪಾಲು ಎಂದರೆ ದೊಡ್ಡ ಆಸ್ತಿಯೇನೂ ಅಲ್ಲ. ಮಾರುಕಟ್ಟೆಯ ಪಕ್ಕದ ಬಯಲಿನಲ್ಲಿ ಅಪ್ಪ ಇದ್ದಿಲಿನ ಬೆಂಕಿಯಲ್ಲಿ ಹುರಿದು ಕೊಡುವ ಅಂಗಡಿ ಇಟ್ಟಿದ್ದ. ಅನ್ನ, ಎಲೆಕೋಸು, ಮೊಟ್ಟೆ, ಮಾಂಸ, ಯಾವುದನ್ನು ಕೇಳಿದರೂ ಕಣ್ಣು ಮಿಟುಕಿಸುವುದರೊಳಗೆ ಹುರಿದು ತಟ್ಟೆಗೆ ಬಡಿಸುತ್ತಿದ್ದ. ಸಾಮಾನು ಮೂರೇ. ತಗಡಿನ ಡ್ರಮ್ಮನ್ನು ಅರ್ಧಕ್ಕೆ ಕತ್ತರಿಸಿ ಒಳಗೆ ಮಣ್ಣು ಮೆತ್ತಿದ ಒಲೆ. ಅದರ ಬಾಯೊಳಗೆ ಅರ್ಧ ಇಳಿದು ಕೂರುವ ಎರಕದ ಕಬ್ಬಿಣದ ಬಾಣಲೆ. ಒಲೆಯ ಬುಡಕ್ಕೆ ಕೊಳವೆಯಲ್ಲಿ ಗಾಳಿ ಊದುವ, ಕೈಯಿಂದ ತಿರುಗಿಸುವ ಚಕ್ರ. ಬಾಣಲೆಯ ಮುಂದೆ ಅಪ್ಪ, ಚಕ್ರದ ಮುಂದೆ ಮೋಟು ಮಣೆಯ ಮೇಲೆ ಮಗಳು. ಮಗ ತಟ್ಟೆ ಹಂಚುತ್ತ ಗಿರಾಕಿಗಳ ಜೊತೆ ಹರಟುತ್ತಿದ್ದ. ಹರಟೆಯಲ್ಲಿ ಅವನನ್ನು ಮೀರಿಸಿದವರಿಲ್ಲ, ಅದನ್ನು ಒಪ್ಪಲೇಬೇಕು.

ಪಾಲಿನ ದಿನ ಅವಳು ಕೇಳಿದ್ದು ಒಂದೇ. "ಅಣ್ಣಾ, ಅಂಗಡಿ ನಿನಗೇ ಇರಲಿ. ಅಪ್ಪನ ಬಾಣಲೆ ನನಗೆ ಕೊಡು."

ಚಿಕ್ಕಪ್ಪ, ಅತ್ತೆ, ಅಕ್ಕಪಕ್ಕದವರು ಎಲ್ಲ ಕೂತಿದ್ದರು. ಅಣ್ಣ ಒಮ್ಮೆ ಸುತ್ತ ನೋಡಿ, ಎಲ್ಲರಿಗೂ ಕೇಳುವ ಹಾಗೆ ಅಂದ. "ಬಾಣಲೆ ಅಡುಗೆ ಮಾಡೋನಿಗೆ. ಗಾಳಿ ತಿರುಗಿಸೋಳಿಗೆ ಗಾಳಿ."

ಸಾವಿನ ಮನೆಯಲ್ಲೂ ಜನ ನಕ್ಕರು. ಚಿಕ್ಕಪ್ಪನಂತೂ ಕೆಮ್ಮು ಬರುವಷ್ಟು ನಕ್ಕ. ಅವಳು ಚಕ್ರವನ್ನು ಹೆಗಲಿಗೇರಿಸಿಕೊಂಡು ಹೊರಬಿದ್ದಳು. ಬಾಗಿಲು ದಾಟುವಾಗ ಅದರ ಹಿಡಿ ಚೌಕಟ್ಟಿಗೆ ತಗುಲಿ ಶಬ್ದವಾಯಿತು, ಅದಕ್ಕೂ ಒಂದಿಬ್ಬರು ನಕ್ಕರು.

ತಿರುಗಿಸಿ ಪಳಗಿದ ಕೈಗೆ ತಿರುಗಿಸುವ ಕೆಲಸವೇ ಸಿಕ್ಕಿತು. ಅದೇ ಬೀದಿಯ ತುದಿಯಲ್ಲಿ ಚಾಕು ಕತ್ತರಿಗಳಿಗೆ ಸಾಣೆ ಹಿಡಿಯುವ ಅಂಗಡಿಗೆ ಸೇರಿದಳು. ಸಾಣೆಕಲ್ಲಿನ ಮೇಲೆ ದಿನವಿಡೀ ಊರಿನವರ ಚಾಕು ಹರಿತವಾಗುತ್ತಿತ್ತು, ಜೊತೆಗೆ ಅವಳ ಸಿಟ್ಟೂ ಹರಿತವಾಗುತ್ತಿತ್ತು. ಚಕ್ರವನ್ನು ಮಂಚದ ಕೆಳಗೆ ಗೋಣಿಯಲ್ಲಿ ಸುತ್ತಿಟ್ಟಿದ್ದಳು. ಆಗಾಗ ತೆಗೆದು ಎಣ್ಣೆ ಬಿಡುತ್ತಿದ್ದಳು. ಯಾಕೆ ಎಂದು ಯಾರೂ ಕೇಳಲಿಲ್ಲ, ಕೇಳಿದ್ದರೆ ಹೇಳುತ್ತಲೂ ಇರಲಿಲ್ಲ.

ಇತ್ತ ಅಣ್ಣ ಒಲೆಗೆ ಕರೆಂಟಿನ ಫ್ಯಾನು ಜೋಡಿಸಿದ. ಅದಕ್ಕೆ ಊದುವುದು ಗೊತ್ತು, ನಿಲ್ಲಿಸುವುದು ಗೊತ್ತಿಲ್ಲ. ಇದ್ದಿಲು ಹಾಕಿದಷ್ಟೂ ಉರಿದುಹೋಯಿತು, ಬೂದಿ ಹಾರಿ ತಟ್ಟೆಗೆ ಬಿತ್ತು. ಫ್ಯಾನು ಬಿಟ್ಟು ಬೀಸಣಿಗೆ ಹಿಡಿದರೆ ಅನ್ನ ಹುರಿಯುವ ಬದಲು ಬೆಂದು ಮುದ್ದೆಯಾಯಿತು. "ಈಗಿನ ಇದ್ದಿಲೇ ಸರಿಯಿಲ್ಲ" ಎಂದು ಅಣ್ಣ ಗಿರಾಕಿಗಳಿಗೆ ಹೇಳತೊಡಗಿದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಅಷ್ಟರಲ್ಲಿ ಮಾರುಕಟ್ಟೆಯ ಹೆಬ್ಬಾಗಿಲ ಪಕ್ಕ ಸೂರು ಹಾಕಿದ ಹೊಸ ಕಟ್ಟೆ ಎದ್ದಿತು. ವ್ಯಾಪಾರಿಗಳ ಸಂಘದ ಅಧ್ಯಕ್ಷೆ, ಬಟ್ಟೆ ಅಂಗಡಿಯ ದಪ್ಪ ಕನ್ನಡಕದ ಹೆಂಗಸು, ಒಬ್ಬೊಬ್ಬರ ಕೈಯಡುಗೆಯನ್ನೂ ಕಣ್ಣೆದುರೇ ಮಾಡಿಸಿ ತಿಂದು ನೋಡಿ, ರುಚಿಯಲ್ಲಿ ಗೆದ್ದವರಿಗೆ ಕಟ್ಟೆ ಕೊಡುತ್ತೇನೆ ಎಂದಳು. ಬಿಸಿಲು ಮಳೆಗೆ ಬಯಲಲ್ಲಿ ನಿಲ್ಲುವವನಿಗೆ ಆ ಕಟ್ಟೆ ಎಂದರೆ ಜೀವಮಾನದ ನೆಮ್ಮದಿ. ಅಣ್ಣ ಸಾಣೆ ಅಂಗಡಿಗೆ ಬಂದು ನಿಂತ.

"ಪುಟ್ಟಿ," ಅಂದ. ಪಾಲಾದ ಮೇಲೆ ಆ ಹೆಸರು ಅವನ ಬಾಯಲ್ಲಿ ಬಂದದ್ದು ಅದೇ ಮೊದಲು. "ಒಂದೇ ಒಂದು ದಿನ ಚಕ್ರ ತಗೊಂಡು ಬಾ. ಮನೆ ಮರ್ಯಾದೆ ಪ್ರಶ್ನೆ."

ಅವಳು ಕೈಯಲ್ಲಿದ್ದ ಚಾಕುವಿನ ಅಲಗನ್ನು ಉಗುರಿನ ಮೇಲೆ ಆಡಿಸಿ ನೋಡಿದಳು. "ಬರ್ತೀನಿ. ಆದ್ರೆ ನೀನು ಹೇಳಿದಷ್ಟೇ ಮಾಡ್ತೀನಿ. ಒಂದು ಸುತ್ತು ಜಾಸ್ತಿ ಇಲ್ಲ, ಒಂದು ಸುತ್ತು ಕಮ್ಮಿ ಇಲ್ಲ."

"ಅಷ್ಟು ಮಾಡಿದ್ರೆ ಸಾಕಲ್ಲ, ಇನ್ನೇನು ಬೇಕು?" ಅಂದ ಅಣ್ಣ. ಖುಷಿಯಾಗಿ ಹೋದ.

ಅಲ್ಲೇ ಅವನು ಎಡವಿದ್ದು. ಅಪ್ಪ ಒಂದು ದಿನವೂ ಮಗಳಿಗೆ "ಊದು", "ನಿಲ್ಲಿಸು" ಎಂದವನಲ್ಲ. ಅವಳು ಬಾಣಲೆಯ ಸದ್ದು ಕೇಳಿ ತಿರುಗಿಸುತ್ತಿದ್ದಳು. ಅನ್ನ ಬಿದ್ದು ಚರಚರ ಸದ್ದು ಕುಗ್ಗಿದರೆ ಗಾಳಿ. ಸದ್ದು ತೆಳ್ಳಗಾಗಿ ಒಣಗಿದರೆ ಕೈ ತಡೆ. ಬೆಂಕಿ ಅಪ್ಪನ ಮಾತು ಕೇಳುತ್ತದೆ ಎಂದು ಜನ ಹೊಗಳುತ್ತಿದ್ದರು, ತಟ್ಟೆ ಹಂಚುತ್ತಿದ್ದ ಅಣ್ಣನೂ ಹಾಗೇ ನಂಬಿದ್ದ. ಹಿತ್ತಲ ಗಿಡ ಮದ್ದಲ್ಲ.

ಅಧ್ಯಕ್ಷೆ ರುಚಿ ನೋಡುವ ದಿನ ಬೆಳಿಗ್ಗೆ ಅವಳು ಅಣ್ಣನ ಒಲೆಗೆ ಕೊಳವೆ ಸಿಕ್ಕಿಸಿ, ಮಣೆ ಎಳೆದುಕೊಂಡು ಕೂತಳು. ಒಲೆಯ ಅಂಚಿನ ಮೇಲೆ ಹಳೆಯ ಕೆಟಲ್ಲು ಕೂತಿತ್ತು. ಪ್ರತಿ ಸಲ ಹುರಿದಾದ ಮೇಲೆ ಅಪ್ಪ ಅದರ ಕುದಿನೀರನ್ನೇ ಬಾಣಲೆಗೆ ಹೊಯ್ದು, ಕಡ್ಡಿ ಬ್ರಶ್ಶಿನಲ್ಲಿ ಒಂದು ಸುತ್ತು ತೊಳೆದು ಚೆಲ್ಲುತ್ತಿದ್ದ. ಅದಕ್ಕೆ ನೀರು ತುಂಬಿಡುವುದೂ ಅವಳದೇ ಕೆಲಸವಾಗಿತ್ತು. ಅವಳು ಮುಚ್ಚಳ ಎತ್ತಿ ನೋಡಿದಳು. ತಳದಲ್ಲಿ ಒಂದು ಸತ್ತ ನೊಣ ಬಿಟ್ಟರೆ ಏನೂ ಇರಲಿಲ್ಲ. ನೀರು ತುಂಬು ಎಂದು ಅಣ್ಣ ಹೇಳಿರಲಿಲ್ಲ. ಮುಚ್ಚಳ ಮುಚ್ಚಿದಳು.

ಅಧ್ಯಕ್ಷೆ ಬಂದಳು, ಹಿಂದೆ ಅರ್ಧ ಮಾರುಕಟ್ಟೆಯೇ ಬಂತು. ಅಣ್ಣ ಎಣ್ಣೆ ಬಿಟ್ಟು ಅನ್ನ ಸುರಿದ. ಸದ್ದು ಕುಗ್ಗಿತು. ತಂಗಿಯ ಕೈ ತಾನಾಗಿ ಚಕ್ರದ ಹಿಡಿಯ ಕಡೆ ಹೋಯಿತು, ಅವಳೇ ಅದನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಅಣ್ಣ ಅಧ್ಯಕ್ಷೆಗೆ ಅಪ್ಪನ ಕಾಲದ ಕಥೆ ಹೇಳುತ್ತಿದ್ದ. ಕಥೆ ಮುಗಿಸಿ ಕೆಳಗೆ ನೋಡಿದರೆ ಅನ್ನ ತಳಕ್ಕೆ ಅಂಟಿ ಕೂತಿತ್ತು.

"ಗಾಳಿ!" ಅಂದ.

ತಿರುಗಿಸಿದಳು.

"ಇನ್ನೂ ಜೋರು."

ಜೋರಾಗಿ ತಿರುಗಿಸಿದಳು. ಇದ್ದಿಲು ಬೆಳ್ಳಗೆ ಕಾದು ಜ್ವಾಲೆ ಬಾಣಲೆಯ ಅಂಚು ದಾಟಿ ಎದ್ದಿತು. ಅಣ್ಣ ಮೊಟ್ಟೆಗೆಂದು ಹಿಂದಕ್ಕೆ ತಿರುಗಿದ. ಸದ್ದು ತೆಳ್ಳಗಾಯಿತು, ಒಣಗಿತು. ನಿಲ್ಲಿಸು ಎಂದು ಯಾರೂ ಹೇಳಲಿಲ್ಲ. ಅವಳು ತಿರುಗಿಸುತ್ತಲೇ ಇದ್ದಳು, ಎಷ್ಟೋ ದಿನದಿಂದ ಮನಸ್ಸಿನಲ್ಲೇ ತಿರುಗಿಸುತ್ತಿದ್ದುದನ್ನು ಈಗ ಕೈಯಲ್ಲಿ ತಿರುಗಿಸುತ್ತಿದ್ದಳು. ಸುಖವಾಗಿತ್ತು, ಸುಳ್ಳು ಯಾಕೆ ಹೇಳಬೇಕು.

ಅನ್ನ ಕರಿಕಾಯಿತು. ಅಧ್ಯಕ್ಷೆ ಸೆರಗನ್ನು ಮೂಗಿಗೆ ಹಿಡಿದು ಕೆಮ್ಮಿದಳು. "ಸಾಕು, ಸಾಕು," ಎಂದ ಅಣ್ಣ. ತಂಗಿ ಆ ಕ್ಷಣವೇ ಚಕ್ರ ನಿಲ್ಲಿಸಿದಳು.

"ಒಂದೇ ನಿಮಿಷ ಅಮ್ಮಾ, ಇನ್ನೊಂದು ಸಲ ಮಾಡಿಕೊಡ್ತೀನಿ." ಅಣ್ಣ ಸೀದದ್ದನ್ನು ಕೆರೆದು ಬಕೆಟ್ಟಿಗೆ ಹಾಕಿದ. ಬರಿದಾದ ಬಾಣಲೆಯ ತಳ ಮಂಕಾಗಿ ಕೆಂಪಗೆ ಕಾಣುತ್ತಿತ್ತು. ಕೆಟಲ್ಲನ್ನು ಎತ್ತಿ ಬಗ್ಗಿಸಿದ, ಖಾಲಿ. ಆಚೆ ತಟ್ಟೆ ತೊಳೆಯುತ್ತಿದ್ದ ಅತ್ತಿಗೆಯತ್ತ ಕೈ ಚಾಚಿ, "ನೀರು ಕೊಡು ಬೇಗ," ಅಂದ. ಅತ್ತಿಗೆ ತಣ್ಣೀರಿನ ಚೊಂಬು ಕೊಟ್ಟಳು.

ಕಾದ ಎರಕಕ್ಕೆ ತಣ್ಣೀರು ತೋರಿಸಬಾರದು. ಅಪ್ಪನ ಕುದಿನೀರಿನ ಗುಟ್ಟು ಅಷ್ಟೇ. ತಂಗಿಯ ನಾಲಿಗೆಯ ತುದಿಗೆ "ಬೇಡ" ಬಂದಿತ್ತು. ಅಣ್ಣನನ್ನು ಕೆಡಿಸುವುದು ಅವಳ ಲೆಕ್ಕದಲ್ಲಿತ್ತು, ಬಾಣಲೆಯನ್ನು ಕೆಡಿಸುವುದು ಇರಲಿಲ್ಲ. ಚೊಂಬು ಬಗ್ಗುತ್ತಿತ್ತು. ಗುಂಪಿನಲ್ಲಿ ಚಿಕ್ಕಪ್ಪನ ಕೆಮ್ಮು ಕೇಳಿಸಿತು. ಅದು ಹೊಗೆಗೆ ಬಂದ ಕೆಮ್ಮೇ ಇರಬಹುದು, ಅವಳಿಗೆ ಮಾತ್ರ ಹಳೆಯ ನಗು ಕೇಳಿಸಿತು. ಬಾಯಿ ಬಿಗಿದಳು.

ಟಣ್ ಎಂದು ಒಂದೇ ಸದ್ದು. ಬಾಣಲೆಯ ತಳದಲ್ಲಿ ಸೀಳು ಬಿಟ್ಟಿತು, ನೀರು ಅದರಲ್ಲಿ ಇಳಿದು ಒಲೆ ಆರಿತು. ಬೂದಿ ಮೇಲೆದ್ದು ಅಣ್ಣನ ಮುಖಕ್ಕೆ ಮೆತ್ತಿತು. ಅಧ್ಯಕ್ಷೆ ಕನ್ನಡಕ ಒರೆಸಿಕೊಂಡು ಪಕ್ಕದಲ್ಲಿ ಸರದಿ ಕಾಯುತ್ತಿದ್ದ ಗ್ಯಾಸ್ ಒಲೆಯವನ ಕಡೆ ನಡೆದಳು.

"ಒಡೆಯುತ್ತೆ ಅಂತ ಗೊತ್ತಿತ್ತಾ ನಿನಗೆ?" ಅಣ್ಣ ಕೇಳಿದ.

"ಗೊತ್ತಿತ್ತು."

"ಒಂದು ಮಾತು ಹೇಳಬಾರದಿತ್ತಾ?"

"ನೀನು ಹೇಳಿದಷ್ಟೇ ಮಾಡ್ತೀನಿ ಅಂದಿದ್ನಲ್ಲ."

ಅಣ್ಣ ಸೀಳಿದ ಬಾಣಲೆಯನ್ನು ಸಟ್ಟುಗದಲ್ಲಿ ಮೀಟಿ ಅವಳ ಕಾಲ ಬಳಿ ಕೆಡವಿದ. "ಬೇಕು ಅಂತಿದ್ದೆಯಲ್ಲ, ತಗೊಂಡು ಹೋಗು."

ಅದು ಆರುವವರೆಗೆ ಕಾದು, ಗೋಣಿಯಲ್ಲಿ ಸುತ್ತಿ ತಂದಳು. ದಾರಿಯುದ್ದಕ್ಕೂ ಹೊಟ್ಟೆ ತಣ್ಣಗಿತ್ತು. ಮನೆಗೆ ಬಂದು, ಅಪ್ಪನ ಸಟ್ಟುಗ ಉಜ್ಜಿ ಉಜ್ಜಿ ಸವೆದ ಅಂಚಿನ ಮೇಲೆ ಬೆರಳಿಟ್ಟಾಗ ಮಾತ್ರ ಅತ್ತಳು. ತಾನೇ ಒಡೆದೆ ಎಂದು ಅತ್ತಳು. ಆದರೆ ಹೇಳಬೇಕಿತ್ತು ಎಂದು ಅವಳಿಗೆ ಅನ್ನಿಸಲಿಲ್ಲ. ಎರಡೂ ನಿಜ.

ಸೀಳು ಬಿಟ್ಟ ಎರಕ ಹುರಿಯಲು ಬಾರದು, ಬೆಂಕಿ ಹೊರಲು ಧಾರಾಳವಾಗಿ ಬರುತ್ತದೆ. ಸೀಳಿನ ಜಾಗವನ್ನು ಅವಳು ಸಾಣೆಯಲ್ಲಿ ಉಜ್ಜಿ ದೊಡ್ಡದು ಮಾಡಿ ಚಕ್ರದ ಕೊಳವೆ ಕೂರಿಸಿದಳು. ಮುಕ್ಕಾಲಿಯ ಮೇಲಿಟ್ಟು, ಒಳಗೆ ಕಂಬಿ ಜೋಡಿಸಿ ಇದ್ದಿಲು ತುಂಬಿದಳು. ಅಪ್ಪನ ಬಾಣಲೆಯೇ ಒಲೆಯಾಯಿತು, ಮೇಲೆ ಅವಳ ಹೊಸ ಬಾಣಲೆ ಕೂತಿತು. ಮೊದಲ ಗಾಳಿಗೇ ಹಳೆಯ ಕಬ್ಬಿಣದ ಕರಿ ಹೊಳಪು, ಅಪ್ಪ ವರ್ಷಗಟ್ಟಲೆ ಎಣ್ಣೆ ಕುಡಿಸಿ ಬೆಳೆಸಿದ್ದು, ಸುಟ್ಟು ಬೂದುಬಣ್ಣವಾಯಿತು. ಅವಳು ಅದನ್ನು ನೋಡುತ್ತಲೇ ತಿರುಗಿಸಿದಳು.

ಸಾಣೆ ಅಂಗಡಿಯ ಮುಂದೆಯೇ ಹುರಿಯತೊಡಗಿದಳು. ಎಡಗೈಯಲ್ಲಿ ಚಕ್ರ, ಬಲಗೈಯಲ್ಲಿ ಸಟ್ಟುಗ. ಗಿರಾಕಿಗಳು ಮೂಗು ಹಿಡಿದುಕೊಂಡು ಅಲ್ಲ, ಅರಳಿಸಿಕೊಂಡು ಬಂದರು. ಒಂದು ಸಂಜೆ ಸಾಲಿನ ಹಿಂದೆ ಅಣ್ಣ ನಿಂತಿದ್ದ. ಅವನ ಒಲೆ ಆರಿದ್ದು ಮತ್ತೆ ಹತ್ತಿರಲಿಲ್ಲ.

"ಒಬ್ಬಳೇ ಎಷ್ಟು ಅಂತ ಒದ್ದಾಡ್ತೀಯ?" ಅಂದ. "ಗಾಳಿಗೆ ನಾನು ಕೂರ್ಲಾ?"

ಅವಳು ಅಂಗಡಿಯದೊಂದು ಮೋಟು ಮಣೆಯನ್ನು ಕಾಲಲ್ಲಿ ಅವನ ಕಡೆ ತಳ್ಳಿದಳು. ಅಣ್ಣ ಕೂತ. ಅವಳು "ಊದು" ಎಂದರೆ ಊದಿದ, "ನಿಲ್ಲಿಸು" ಎಂದರೆ ನಿಲ್ಲಿಸಿದ. ಬೀದಿಯ ಜನ ನೋಡಿದರು, ಅವನ ಹಳೇ ಗಿರಾಕಿಗಳೂ ನೋಡಿದರು. ಕತ್ತಲಾಗುವ ಹೊತ್ತಿಗೆ ಅವನ ಭುಜ ಬಿದ್ದುಹೋಗಿತ್ತು, ಮುಖ ತುಂಬಾ ಬೂದಿ.

ಕೊನೆಯ ಗಿರಾಕಿ ಹೋದ ಮೇಲೆ ಅಣ್ಣ ಒಂದು ತಟ್ಟೆ ಎತ್ತಿಕೊಂಡು ಮುಂದೆ ಚಾಚಿದ. "ಹಸಿವಾಗ್ತಿದೆ ಪುಟ್ಟಿ. ನನಗೂ ಸ್ವಲ್ಪ ಹಾಕು."

ಬಾಣಲೆಯಲ್ಲಿ ಇನ್ನೂ ಒಬ್ಬರಿಗಾಗುವಷ್ಟು ಅನ್ನವಿತ್ತು. ಅವಳು ಅದನ್ನು ಸಟ್ಟುಗದಲ್ಲಿ ಒಟ್ಟುಗೂಡಿಸಿ ತನ್ನ ತಟ್ಟೆಗೆ ಹಾಕಿಕೊಂಡಳು.

"ಗಾಳಿ ತಿರುಗಿಸೋನಿಗೆ ಗಾಳಿ," ಅಂದಳು.

ಅಣ್ಣನಿಗೆ ಆ ಮಾತು ಆಗ ನೆನಪಾಯಿತು. ಚಾಚಿದ ತಟ್ಟೆಯನ್ನು ಎಲ್ಲಿ ಇಡುವುದೆಂದು ತಿಳಿಯದೆ ಹಾಗೇ ಹಿಡಿದು ಕೂತ. ಅವಳು ಕೆಟಲ್ಲು ಎತ್ತಿ ಬಾಣಲೆಗೆ ಕುದಿನೀರು ಹೊಯ್ದು ತೊಳೆಯತೊಡಗಿದಳು.