ಕರೆಂಟ್ ಹೋದರೂ ಉಳಿಯುವುದು

ಸಕಲೇಶಪುರದ ಕರೆಂಟಿಗೆ ಒಂದು ದುರ್ಬುದ್ಧಿ ಇತ್ತು. ಗಣೇಶನ ಸೈಬರ್ ಕೆಫೆಯಲ್ಲಿ ಯಾರಾದರೂ ಉದ್ದಕ್ಕೆ ಟೈಪ್ ಮಾಡಿ ಮುಗಿಸುವ ಹೊತ್ತಿಗೇ ಅದು ಕೈಕೊಡುತ್ತಿತ್ತು. ಪಕ್ಕದ ಹಳ್ಳಿ ದೋಣಿಗಲ್ಲಿನ ಮಾನಸಾಗೆ ಐಡಿಯಾ ಹೊಳೆದದ್ದೇ ಈ ಹೊಟ್ಟೆಯುರಿಯಲ್ಲಿ.

ಹಾಸನದ ಇಂಜಿನಿಯರಿಂಗ್ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗಿಬರುವವಳು ಅವಳು. ಹಳ್ಳಿ ಶಾಲೆಯ ಮೇಷ್ಟ್ರುಗಳು ಪಾಠ ಬರೆದು ಹಂಚಿಕೊಳ್ಳುವ ಒಂದು ವೆಬ್‌ಸೈಟ್ ಇತ್ತು. ಅದರ ಕೋಡನ್ನು ಯಾರು ಬೇಕಾದರೂ ನೋಡಬಹುದು, ತಿದ್ದಬಹುದು. ಇದನ್ನು ಸುಧಾರಿಸಲು ನಿಮ್ಮ ಪ್ರಾಜೆಕ್ಟ್ ಏನು, ಬರೆದು ಕಳಿಸಿ ಎಂದು ೨೦೦೭ರಲ್ಲಿ ಅದನ್ನು ನಡೆಸುವವರು ವಿದ್ಯಾರ್ಥಿಗಳನ್ನು ಕೇಳಿದರು. ಆಯ್ಕೆಯಾದವರು ಆ ಕೆಲಸ ಮಾಡಿ ಮುಗಿಸಬೇಕು, ಅವರ ಹೆಸರು ಸೈಟಿನಲ್ಲೇ ಉಳಿಯುತ್ತದೆ. ಮಾನಸಾಗೆ ಬೇಕಿದ್ದದ್ದು ಅದೊಂದೇ. ಅವಳ ಪ್ರಾಜೆಕ್ಟ್ ಸರಳ: ಕರೆಂಟ್ ಹೋದರೂ ಅರ್ಧ ಬರೆದದ್ದು ಹಾಗೇ ಇರಬೇಕು.

ಅರ್ಜಿ ಕಳಿಸುವ ಕೊನೆಯ ದಿನ ಯುಗಾದಿಗೆ ಬಂತು, ಕಾಲೇಜಿಗೆ ರಜೆ. ಗಣೇಶನ ಕೆಫೆಯಲ್ಲಿ ಕೂತು ಅದನ್ನು ಬರೆದು ಮುಗಿಸಿ, ಇನ್ನೇನು ಕಳಿಸಬೇಕು, ಫಟ್ಟನೆ ಪರದೆ ಕಪ್ಪಾಯಿತು.

"ಯುಪಿಎಸ್ ಬ್ಯಾಟರಿನೂ ಹೋಗ್ಬುಟ್ಟೈತೆ ಕಣಮ್ಮ," ಅಂದ ಗಣೇಶ.

ಅವಳು ಪಕ್ಕದ ಕಾಯಿನ್ ಫೋನಿಗೆ ಓಡಿದಳು. ಕ್ಲಾಸಿನ ಅಭಿಲಾಷ್ ಹಾಸನದ ಹಾಸ್ಟೆಲಿನಲ್ಲಿದ್ದ. ರೂಮಿನಲ್ಲೇ ಕಂಪ್ಯೂಟರು, ಇಂಟರ್ನೆಟ್ಟು.

"ನಾನ್ ಹೇಳ್ತಾ ಹೋಗ್ತೀನಿ, ನೀನ್ ಟೈಪ್ ಮಾಡಿ ನನ್ ಹೆಸ್ರಲ್ಲಿ ಕಳಿಸ್ಬುಡೋ. ಪಾಸ್‌ವರ್ಡೂ ಹೇಳ್ತೀನಿ."

"ಹೇಳೇ ಮಾರಾಯ್ತಿ, ಅದ್ಕೇನಂತೆ."

ನೆನಪಿನಿಂದಲೇ ಎಲ್ಲವನ್ನೂ ಹೇಳಿದಳು. "ಕಳಿಸ್ದೆ ಕಣೇ, ಹೋಗಿ ಒಬ್ಬಟ್ಟು ತಿನ್ನು," ಅಂದ. ತಿಂದಳು ಪಾಪ, ಒಂದು ಹೆಚ್ಚಾಗಿಯೇ ತಿಂದಳು.

ಆಯ್ಕೆಯಾದ ಪ್ರಾಜೆಕ್ಟುಗಳು ಸೈಟಿನಲ್ಲಿ ಬಂದಾಗ ಅವಳದ್ದೂ ಇತ್ತು. ವಾಕ್ಯಗಳೂ ಅವಳವೇ. ಹೆಸರು ಮಾತ್ರ ಅಭಿಲಾಷನದು.

ಕ್ಯಾಂಟೀನಿನಲ್ಲಿ ಹಿಡಿದು ಕೇಳಿದಳು. ಅವನಿಗೆ ನಾಚಿಕೆಯಾದರೂ ಆಗಬೇಡವೇ?

"ನೋಡೇ, ದೋಣಿಗಲ್ಲಲ್ಲಿ ನೆಟ್ ಐತಾ? ಕರೆಂಟಾದ್ರೂ ನೆಟ್ಟಗಿರ್ತೈತಾ? ನಿನ್ ಕೈಲಿ ಕೆಲ್ಸ ಮುಗೀದೆ ಹೋಗಿದ್ರೆ? ಒಳ್ಳೇ ಐಡಿಯಾ ಹಾಳಾಗ್ಬಾರ್ದು ಅಂತ ನನ್ ಹೆಸ್ರಲ್ಲಿ ಹಾಕ್ದೆ."

"ಕರೆಂಟ್ ಇಲ್ದೋರಿಗೇ ಅಲ್ವೇನೋ ನಾನದನ್ನ ಮಾಡ್ಬೇಕು ಅಂದಿದ್ದು?"

ಅವನು ಟೀ ಕುಡಿಯುತ್ತಲೇ ಇದ್ದ. ಸೈಟಿನವರಿಗೆ ದೂರು ಬರೆದಳು. ಅರ್ಜಿ ಹಾಕಿದವರಲ್ಲಿ ನಿಮ್ಮ ಹೆಸರೇ ಇಲ್ಲವಲ್ಲ ಎಂದು ಬಹಳ ಮರ್ಯಾದೆಯಿಂದ ಉತ್ತರ ಬಂತು.

ಆಗಸ್ಟಿನಲ್ಲಿ ಅವನ ಕೆಲಸ ಮುಗಿದು ಸೈಟಿಗೆ ಸೇರಿತು. ಮಾನಸಾ ಗಣೇಶನಲ್ಲಿಗೆ ಹೊರಟಳು. ಅದು ಕೆಟ್ಟು ನಿಲ್ಲಲಿ, ಅವನ ಮಾನ ಹೋಗಲಿ ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ದೇವರನ್ನು ಬೇಡಿಕೊಂಡಳು. ಪಾಠ ಬರೆಯುವ ಪುಟ ತೆರೆದು, ಬಾಯಿಗೆ ಬಂದ ಬೈಗುಳವನ್ನೆಲ್ಲ ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟಿದಳು: ಕಳ್ಳ, ನಂಬಿಕೆದ್ರೋಹಿ, ಇದು ನನ್ನದು ಕಣೋ, ನನ್ನದು. ಬಯಸಿದ ಹಾಗೇ ಕರೆಂಟ್ ಹೋಯಿತು.

ಮತ್ತೆ ಬಂದ ಮೇಲೆ ಪುಟ ತೆರೆದರೆ ಬರೆದದ್ದೆಲ್ಲ ಹಾಗೇ ಇತ್ತು.

"ಬರ್ದಿದ್ದು ಹೋಯ್ತೇನಮ್ಮ?" ಗಣೇಶ ತನ್ನ ಮೇಜಿನಿಂದಲೇ ಕೂಗಿದ.

"ಇಲ್ಲ ಗಣೇಶಣ್ಣ. ಐತೆ."

"ಅಬ್ಬ! ಕಡೆಗೂ ಯಾವನೋ ಪುಣ್ಯಾತ್ಮ ಸರಿ ಮಾಡವ್ನೆ. ಯಾರಮ್ಮ ಅವ್ನು?"

ಪುಟದ ಅಡಿಯಲ್ಲಿ ಹೆಸರಿತ್ತು.

"ಅಭಿಲಾಷ್ ಅಂತ," ಅಂದಳು. "ನಮ್ ಕ್ಲಾಸಿನೋನೇ."