ಕತ್ತರಿಸಿದ ಕಡ್ಡಿಗಳು

ಕ್ಷೌರದಂಗಡಿಯವನಿಗೆ ಒಂದು ಚಾಳಿ ಇತ್ತು. ಕೆದರಿದ್ದು ಕಣ್ಣಿಗೆ ಬಿದ್ದರೆ ಕೈ ಸುಮ್ಮನಿರುತ್ತಿರಲಿಲ್ಲ. ಅಂಥವನ ಮನೆ ಹಿತ್ತಲಲ್ಲಿ, ಮಲಗುವ ಕೋಣೆಯ ಕಿಟಕಿಗೆ ಸರಿಯಾಗಿ, ಹಳದಿ ಹೂವಿನ ಪೊದೆಯೊಂದು ಮೂವತ್ತು ವರ್ಷ ತಲೆ ಕೆದರಿಕೊಂಡು ನಿಂತಿತ್ತೆಂದರೆ ಅದಕ್ಕೆ ಕಾರಣ ಅವನ ಹೆಂಡತಿ. ಹಿತ್ತಲು ತನ್ನದು, ಅಲ್ಲಿಗೆ ಕತ್ತರಿ ತಂದರೆ ಜೋಕೆ ಅಂತ ಮದುವೆಯಾದ ವರ್ಷವೇ ಹೇಳಿಬಿಟ್ಟಿದ್ದಳು.

ಚಳಿ ಹಿಂದೆ ಸರಿಯುವ ಹೊತ್ತಿಗೆ, ಎಲೆ ಚಿಗುರುವ ಮೊದಲೇ, ಆ ಪೊದೆ ಬರೀ ಕಡ್ಡಿಯ ಮೇಲೆ ಹೂ ಬಿಡುತ್ತಿತ್ತು. ಅದರ ಬುಡದಲ್ಲಿ ಗೆಡ್ಡೆಗಳಿಂದೆದ್ದ ಬಿಳಿ, ನೇರಳೆ ಹೂಗಳು. ಆಗ ಅವಳನ್ನು ಹಿಡಿಯುವವರಿಲ್ಲ. ಚಹಾದ ಲೋಟ ಹಿಡಿದು ಹಿತ್ತಲಿಗೆ ಹೋದವಳು ಒಲೆ ಮೇಲೆ ಹಾಲು ಉಕ್ಕಿದರೂ ಒಳಗೆ ಬರುತ್ತಿರಲಿಲ್ಲ. ಅವನು ಗೊಣಗುತ್ತ ಒಲೆ ಒರೆಸುತ್ತಿದ್ದ, ಹೂವಿನ ಕಡೆ ನೋಡಿದ್ದೇ ಕಡಿಮೆ.

ಈ ಸಲ ಚಳಿಯಲ್ಲಿ ಅವಳು ಇಪ್ಪತ್ತು ದಿನ ಆಸ್ಪತ್ರೆ ಸೇರಿದಳು. ಇನ್ನು ಮಾಡುವುದೇನೂ ಉಳಿದಿಲ್ಲ, ಮನೆಗೆ ಕರೆದುಕೊಂಡು ಹೋಗಿ, ಬೇಸಿಗೆ ನೋಡುವುದು ಕಷ್ಟ ಅಂದರು ಡಾಕ್ಟರು. ಅವಳು ಕೇಳಿದ್ದು ಒಂದೇ: ಮಂಚ ಕಿಟಕಿಯ ಪಕ್ಕ ಹಾಕಿ, ಹಳದಿ ಹೂ ಇನ್ನೊಂದು ಸಲ ನೋಡಿಬಿಡ್ತೀನಿ ಅಂತ.

ಅಷ್ಟೇ ಸಾಕಾಯಿತು ಈ ಪುಣ್ಯಾತ್ಮನಿಗೆ. ಕತ್ತರಿಸಿದಷ್ಟೂ ಕೂದಲು ದಟ್ಟವಾಗಿ ಬರುತ್ತದೆಂದು ನಲವತ್ತು ವರ್ಷ ಗಿರಾಕಿಗಳಿಗೆ ಹೇಳಿಕೊಂಡು ಬಂದವನು ಗಿಡಕ್ಕೂ ಹಾಗೇ ಅಂದುಕೊಂಡ. ಅವಳು ಮನೆಗೆ ಬರುವ ಹಿಂದಿನ ದಿನ ಅಂಗಡಿ ಮುಚ್ಚಿ, ಸ್ಟೂಲು ಹತ್ತಿ, ಪೊದೆಯನ್ನು ಸುತ್ತಲೂ ಒಂದೇ ಸಮ ಕತ್ತರಿಸಿದ. ಗಲ್ಲ ಹಿಡಿದು ತಿರುಗಿಸುವುದೊಂದು ಬಾಕಿ. ಆಮೇಲೆ ಅಂಗಡಿಯಲ್ಲಿ ಕೂದಲು ಗುಡಿಸುವ ಹಾಗೆ ಎಲ್ಲ ಗುಡಿಸಿದ.

ಮಂಚಕ್ಕೆ ಒರಗಿಸಿದಾಗ ಅವಳು ಕಿಟಕಿಯಾಚೆ ಬಹಳ ಹೊತ್ತು ನೋಡಿದಳು.

"ಕತ್ತರಿಸಿದ ಕಡ್ಡಿಗಳೆಲ್ಲಿ?" ಅಂದಳು.

"ಒಂದೂ ಉಳಿಸಿಲ್ಲ ಕಣೇ. ಬೆಳಿಗ್ಗೇನೇ ಕಸದ ಗಾಡಿಗೆ ಹಾಕಿಬಿಟ್ಟೆ."

"ಒಳ್ಳೇದಾಯ್ತು," ಅಂದು ಕಣ್ಣು ಮುಚ್ಚಿದಳು. ಅವನು ಅದನ್ನು ಹೊಗಳಿಕೆ ಅಂತಲೇ ತಿಳಿದ.

ಗೆಡ್ಡೆ ಹೂಗಳು ಅರಳಿದವು, ಮಂಚದಿಂದ ಕಾಣಲಿಲ್ಲ. ನಾಲ್ಕು ಕಿತ್ತು ಲೋಟದಲ್ಲಿಟ್ಟ, ಮಾರನೇ ದಿನವೇ ಬಾಡಿದವು. ದಿನಾ ಬೆಳಿಗ್ಗೆ ಪೊದೆ ನೋಡಿ ಬಂದು, "ಇನ್ನೆರಡು ದಿನ," ಅನ್ನುತ್ತಿದ್ದ. ಅವಳು ಸರಿ ಅನ್ನುತ್ತಿದ್ದಳು. ದಿನದಿಂದ ದಿನಕ್ಕೆ ಆ ಸರಿ ಸಣ್ಣದಾಗುತ್ತ ಬಂತು. ಪೊದೆಯಲ್ಲಿ ಎಲೆ ಬಂತು, ಹೂ ಬರಲಿಲ್ಲ.

ಒಂದು ದಿನ ನರ್ಸರಿ ನಡೆಸುವವನು ಗಡ್ಡ ತೆಗೆಸಲು ಬಂದ. ಅವನ ಕೆನ್ನೆಗೆ ನೊರೆ ಹಚ್ಚುತ್ತ ಇವನು ಗಿಡದ ಮೇಲೆ ದೂರು ಹೇಳಿದ. ಯಾವಾಗ ಕತ್ತರಿಸಿದೆ ಅಂತ ಕೇಳಿ ಆತ ಕನ್ನಡಿಯಲ್ಲೇ ಇವನ ಮುಖ ನೋಡಿದ.

"ಅದು ಹೋದ ವರ್ಷದ ಕಡ್ಡೀಲೇ ಹೂ ಬಿಡೋದು ಮಾರಾಯ. ಚಳೀಲಿ ಕತ್ತರಿಸಿದ್ರೆ ಮೊಗ್ಗೆಲ್ಲ ಹೋಯ್ತು. ಆ ಕಡ್ಡಿಗಳನ್ನ ಮನೆಯೊಳಗೆ ನೀರಲ್ಲಿ ಇಟ್ಟಿದ್ರೂ ಎರಡು ವಾರಕ್ಕೆ ಅರಳ್ತಿದ್ವು. ಈಗ ನನ್ನ ಗಿಡಗಳಲ್ಲೂ ಹೂ ಮುಗಿದು ವಾರ ಆಯ್ತು."

ಕತ್ತಿ ಕೆನ್ನೆಯ ಅರ್ಧದಲ್ಲೇ ನಿಂತಿತು. ಕಡ್ಡಿಗಳೆಲ್ಲಿ ಅಂತ ಅವಳು ಯಾಕೆ ಕೇಳಿದಳೆಂದು ಅವನಿಗೆ ಆಗ ಹೊಳೆಯಿತು. ಉಳಿದರ್ಧ ಹೇಗೆ ಮುಗಿಸಿದನೋ ಅವನಿಗೇ ಗೊತ್ತಿಲ್ಲ.

ಅಂಗಡಿ ಬಾಗಿಲು ಎಳೆದು ಮನೆಗೆ ಬಂದು ಮಂಚದ ತುದಿಗೆ ಕುಸಿದು ಕೂತ.

"ನಿಂಗೆ ಅವತ್ತೇ ಗೊತ್ತಿತ್ತು."

"ಹೌದು."

"ಬೈಬೇಕಿತ್ತು ನನ್ನ."

"ಬೈದ್ರೆ ಹೂ ಬರ್ತಿತ್ತಾ?" ಅಂದಳು. ಉಸಿರು ಕೂಡಿಸಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು. "ಮೂವತ್ತು ವರ್ಷದಲ್ಲಿ ನೀವು ದಿನಾ ಹಿತ್ತಲಿಗೆ ಹೋಗಿ ನೋಡಿದ್ದು ಈ ವರ್ಷಾನೇ. ನಾಳೇನೂ ಹೋಗಿ. ಬಂದು ದಿನಾ ಹೇಳೋ ಹಾಗೇ ಹೇಳಿ."

ಮಾರನೇ ಬೆಳಿಗ್ಗೆ ಹೋದ. ಒಪ್ಪವಾಗಿ ಕತ್ತರಿಸಿದ ಹಸಿರು ಪೊದೆಯ ಮುಂದೆ ನಿಂತ, ಮುಖ ಒರೆಸಿಕೊಂಡ, ಒಳಗೆ ಬಂದ.

"ಇನ್ನೆರಡು ದಿನ ಕಣೇ," ಅಂದ.

ಅವಳು ಸರಿ ಅಂದಳು. ನಾಳೆಯೂ ಹೇಳಬೇಕು, ನಾಡಿದ್ದೂ ಹೇಳಬೇಕು, ಅವಳು ಸರಿ ಅನ್ನುವಷ್ಟು ದಿನ.