ಮಡಚುವ ಗೋಡೆ, ಮೂರು ಹುಣಸೆ

ಕಣ್ಣಿನ ಪೊರೆ ತೆಗೆಸಿದ ಮೇಲೆ ಬದರುನ್ನಿಸಾ ಅಮ್ಮನ ಬಾಯಿಗೆ ಬಿಡುವೇ ಇಲ್ಲದಂತಾಯಿತು. ಹಸಿರು ಪಟ್ಟಿ ಬಿಚ್ಚಿದ ದಿನವೇ ಅವಳಿಗೆ ಮೂಲೆಯ ಜೇಡರ ಬಲೆ ಕಂಡಿತು, ಸೊಸೆ ಖಮರಳ ಬೋಗುಣಿಯ ತಳದ ಮಸಿ ಕಂಡಿತು, ಮಗ ಶಾಹಿದ ಗಡ್ಡಕ್ಕೆ ಬಣ್ಣ ಹಚ್ಚುತ್ತಾನೆಂಬ ಗುಟ್ಟೂ ಕಂಡಿತು. ಇಷ್ಟು ವರ್ಷ ಮಬ್ಬಿನಲ್ಲಿ ಸುಖವಾಗಿದ್ದ ಸಂಸಾರ ಒಮ್ಮೆಲೇ ಬಿಸಿಲಿಗೆ ಬಿದ್ದಿತು. ಶಾಹಿದನಿಗೆ ಅಫಜಲಪುರದ ಬಸ್‌ಸ್ಟ್ಯಾಂಡಿನ ಹತ್ತಿರ ಫ್ಲೆಕ್ಸ್ ಬ್ಯಾನರಿನ ಅಂಗಡಿ. ಹುಟ್ಟುಹಬ್ಬದ ಪುಢಾರಿಗಳ ಮುಖ ಬೆಳ್ಳಗೆ ಮಾಡಿಕೊಡುವುದರಲ್ಲಿ ಎತ್ತಿದ ಕೈ. ಅಂಥವನ ಮುಖವನ್ನೇ ಅಮ್ಮ ಈಗ ಕೂಲಂಕಷವಾಗಿ ನೋಡತೊಡಗಿದ್ದಳು.

ಅದೇ ಸಂಜೆ ಅವಳು ಹಟ ಹಿಡಿದಳು. ತಾನು ಬೆಳೆಸಿದ ಮೂರು ಹುಣಸೆಗಳನ್ನೂ ಒಂದೇ ಕಡೆ ನೋಡಬೇಕಂತೆ. ಈಗಿನವರು ಅವನ್ನು ಬೋನ್ಸಾಯಿ ಅನ್ನುತ್ತಾರೆ. ಆಗ ಓಣಿಯವರು ಗಿಡ್ಡ ಗಿಡ ಅನ್ನುತ್ತಿದ್ದರು. ಒಂದೇ ಹುಣಸೆಕಾಯಿಯ ಮೂರು ಬೀಜ. ನರ್ಸರಿಯ ಮಾಲಿಯೊಬ್ಬ ತೋರಿಸಿಕೊಟ್ಟಂತೆ ಬೇರು ಕತ್ತರಿಸಿ, ತಂತಿ ಸುತ್ತಿ, ಕುಂಬಾರರಿಂದ ಮಾಡಿಸಿದ ಮಣ್ಣಿನ ತಾಟುಗಳಲ್ಲಿ ಮೊಣಕೈ ಎತ್ತರಕ್ಕೆ ಅವನ್ನು ನಿಲ್ಲಿಸಿದ್ದಳು. ಅಪ್ಪ ಗುಡುಸಾಬ ಬದುಕಿದ್ದಾಗ ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಹೋಗುವುದೇ ಕಾಯಕ. ಸಾಮಾನೆಲ್ಲ ಗಾಡಿಯಲ್ಲಿ, ತಾಟುಗಳು ಮಾತ್ರ ಅಮ್ಮನ ತೊಡೆಯ ಮೇಲೆ. ಮದುವೆಯಾದಾಗ ಮಕ್ಕಳಿಗೆ ಒಂದೊಂದು ಕೊಟ್ಟಳು. ಹಿರಿಮಗಳು ಚಮನಬಿಯದು ಆಳಂದಕ್ಕೆ ಹೋಯಿತು, ಕಿರಿಮಗಳು ಅಂಜುಮಳದು ಜೇವರ್ಗಿಗೆ. ಶಾಹಿದನದು ಮನೆಯಲ್ಲೇ ಉಳಿಯಿತು.

ಡಾಕ್ಟರು ಸದ್ಯಕ್ಕೆ ಧೂಳಿನ ಪ್ರಯಾಣ ಬೇಡವೆಂದಿದ್ದರು. ಗಿಡಗಳನ್ನೇ ತರಿಸೋಣವೆಂದರೆ ಬಸ್ಸಿನ ಕುಲುಕಾಟಕ್ಕೆ ಬೇರು ಸಡಿಲಾಗುತ್ತವೆಂದು ಅಮ್ಮನೇ ಬೇಡವೆಂದಳು. ಉಳಿದದ್ದು ಫೋಟೋ. ಅಂಜುಮ ಮೊಬೈಲಿನಲ್ಲಿ ಕಳಿಸಿದಳು; ಗಿಡದ ಹಿಂದೆ ಕೆಂಪು ಗ್ಯಾಸ್ ಸಿಲಿಂಡರ್, ಅದರ ಮೇಲೆ ಒಣಹಾಕಿದ ಬನಿಯನ್. ಅಕ್ಕ ಚಮನಬಿ ಆಪಾ ಕಳಿಸಲೇ ಇಲ್ಲ. ಒಂದು ದಿನ ಮೊಬೈಲ್ ಕೆಟ್ಟಿತ್ತು, ಇನ್ನೊಂದು ದಿನ ನೆಟ್‌ವರ್ಕ್ ಇರಲಿಲ್ಲ, ಮತ್ತೊಂದು ದಿನ ತಾಟು ಮಾಳಿಗೆ ಮೇಲಿತ್ತು ಮತ್ತು ಮಂಡಿ ನೋಯುತ್ತಿತ್ತು.

ಇದೇನು ಮಹಾ ಎಂದುಕೊಂಡು ಶಾಹಿದ ಸಿಲಿಂಡರನ್ನು ಕಂಪ್ಯೂಟರಿನಲ್ಲಿ ಅಳಿಸಿದ. ಪುಢಾರಿಗಳ ಹಿಂದಿನ ಗದ್ದಲವನ್ನೆಲ್ಲ ಅಳಿಸುವವನಿಗೆ ಒಂದು ಗಿಡದ ಹಿಂದಿನದು ಯಾವ ಲೆಕ್ಕ? ಆದರೆ ಹುಣಸೆಯ ಎಲೆ ಪುಢಾರಿಯ ಕಿವಿಯಷ್ಟು ದೊಡ್ಡದಲ್ಲ. ಸಿಲಿಂಡರಿನ ಜೊತೆ ಅರ್ಧ ಎಲೆಗಳೂ ಹೋದವು. ಅವನು ಮುದ್ರಿಸಿ ಕೊಟ್ಟ ಕಾಗದವನ್ನು ಅಮ್ಮ ಕಣ್ಣ ಹತ್ತಿರ ಹಿಡಿದು ನೋಡಿದಳು.

"ನನ್ನ ಗಿಡದ ತಲಿ ಬೋಳಿಸಿದವ ಯಾವನಲೇ?"

ಹೊಸ ಕಣ್ಣಿಗೆ ಮೋಸ ನಡೆಯುವುದಿಲ್ಲವೆಂದು ಶಾಹಿದನಿಗೆ ಖಾತ್ರಿಯಾಯಿತು. ಮೂರೂ ಗಿಡಗಳ ಹಿಂದೆ ಒಂದೇ ಗೋಡೆ ಇರಬೇಕು, ಮೂರೂ ಊರಿಗೆ ಆ ಗೋಡೆ ಬಸ್ಸಿನಲ್ಲಿ ಹೋಗಬೇಕು. ಅಂದರೆ ಮಡಚುವ ಗೋಡೆ.

ಮೊದಲು ಬಿಳಿ ಫ್ಲೆಕ್ಸನ್ನೇ ಚೌಕಟ್ಟಿಗೆ ಬಿಗಿದ. ಅದು ಬಿಸಿಲಿಗೆ ಹಲ್ಲು ಕಿರಿದು, ಗಿಡವೇ ಕಾಣದಾಯಿತು. ಖಮರಳ ಹಳೆಯ ಬುರ್ಖಾದ ಕಪ್ಪು ಬಟ್ಟೆ ಹಾಕಿದ. ಹುಣಸೆಯ ಕಪ್ಪು ಬೊಡ್ಡೆ ಅದರಲ್ಲಿ ಕರಗಿಹೋಗಿ ಎಲೆಗಳಷ್ಟೇ ಗಾಳಿಯಲ್ಲಿ ತೇಲಿದವು. ಕೊನೆಗೆ ಬಟ್ಟೆ ಅಂಗಡಿಯ ಗುರಣ್ಣ ಶಾಲೆಯ ಯೂನಿಫಾರಂ ಬಟ್ಟೆಯ ಕೊನೆಯ ತುಂಡೊಂದನ್ನು ಕೊಟ್ಟ. ತಿಳಿ ಬೂದು, ಹೊಳಪಿಲ್ಲ, ಹೂವಿಲ್ಲ. ಗಿಡ ಅದರ ಮುಂದೆ ಹಾಜರಿ ಹೇಳಲು ಎದ್ದುನಿಂತ ಮಗುವಿನ ಹಾಗೆ ನಿಂತಿತು.

ಬಟ್ಟೆಗೆ ಬೆನ್ನಾಗಿ ಮೂರು ತೆಳು ಪ್ಲೈವುಡ್ ಹಲಗೆ. ನಡುವಿನದು ಗೋಡೆ, ಅಕ್ಕಪಕ್ಕದವು ಓರೆಯಾಗಿ ನಿಂತು ಆಧಾರ ಕೊಡುವ ರೆಕ್ಕೆ. ಹಲಗೆಗಳನ್ನು ಕೂಡಿಸುವ ಕೀಲುಗಳನ್ನು, ಎರಡೂ ಬಿಜಾಗರಿಗಳನ್ನು, ಶಾಹಿದ ಒಂದೇ ಬದಿಗೆ ಜಡಿದ. ಒಂದು ರೆಕ್ಕೆ ಮಡಚಿತು. ಇನ್ನೊಂದು ಅದರ ಮೇಲೆ ಕೂರಲಾರದೆ ಅರ್ಧ ತೆರೆದ ಬಾಗಿಲಿನಂತೆ ಸೆಟೆದುಕೊಂಡಿತು. ಕುಣಿಯಲಾರದವಳು ಅಂಗಳ ಡೊಂಕು ಅಂದಳಂತೆ. ಇವನು ಪ್ಲೈವುಡ್ಡಿನ ಕಂಪನಿಯನ್ನೇ ಬೈದ. ಖಮರ ರೊಟ್ಟಿ ಬಡಿಯುವ ಕೈ ಒರೆಸಿಕೊಂಡು ಬಂದು, ಅಂಗಡಿಯಲ್ಲೇ ಅಚ್ಚಾದ ಲಗ್ನಪತ್ರಿಕೆಯೊಂದನ್ನು ಅವನ ಮುಂದೆ ಹಿಡಿದಳು. ಒಂದು ಮಡಿಕೆ ಮುಂದಕ್ಕೆ, ಒಂದು ಹಿಂದಕ್ಕೆ. ಊರಿಗೆಲ್ಲ ಲಗ್ನಪತ್ರಿಕೆ ಮಡಚಿಕೊಟ್ಟವನು ತಲೆ ಕೆರೆದುಕೊಂಡು ಒಂದು ಬಿಜಾಗರಿ ಕಿತ್ತು ಹಿಂಬದಿಗೆ ಹಾಕಿದ. ಬಟ್ಟೆಯನ್ನು ಮಡಚಿದರೆ ಗೀರು ಬೀಳುತ್ತದೆಂದು ಅದನ್ನು ಪ್ಲಾಸ್ಟಿಕ್ ಪೈಪಿಗೆ ಸುತ್ತಿಟ್ಟವಳೂ ಅವಳೇ. ನಿಲ್ಲಿಸಿದ ಹಲಗೆಯ ಮೇಲಿಂದ ಬಟ್ಟೆಯನ್ನು ಇಳಿಬಿಟ್ಟು, ಮೇಜಿನ ಮೇಲೂ ಹಾಸಿ, ಬಟ್ಟೆ ಒಣಹಾಕುವ ಚಿಮಟಿ ಸಿಕ್ಕಿಸಿದರೆ, ಗೋಡೆ ಎಲ್ಲಿ ಮುಗಿಯಿತು, ನೆಲ ಎಲ್ಲಿ ಶುರುವಾಯಿತು ಎಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಮನೆಯ ಗಿಡದ ಫೋಟೋ ಚೆನ್ನಾಗಿ ಬಂತು. ಜೇವರ್ಗಿಯಲ್ಲಿ ಅಂಜುಮಳ ಮನೆಯ ಎಲ್ಲರೂ ಗೋಡೆಯ ಮುಂದೆ ನಿಂತು ಫೋಟೋ ತೆಗೆಸಿಕೊಂಡ ಮೇಲೆ ಗಿಡಕ್ಕೆ ಸರದಿ ಸಿಕ್ಕಿತು. ಅದೂ ಚೆನ್ನಾಗಿ ಬಂತು. ಇನ್ನುಳಿದದ್ದು ಆಳಂದ.

ಕಲಬುರಗಿಯ ಬಸ್ಸಿನಲ್ಲಿ ಕಂಡಕ್ಟರು ಹಲಗೆಗಳನ್ನು ತಟ್ಟಿ ನೋಡಿ, ಬಾಗಿಲು ಯಾವ ಮನೆಗೆಂದು ಕೇಳಿದ. ಶಾಹಿದ ಇದ್ದದ್ದನ್ನೇ ಹೇಳಿದ.

"ಬಾಗ್ಲಾ ಅಲ್ರಿ, ಗ್ವಾಡಿ. ಗಿಡದ ಫೋಟೋ ತಗಿಯಾಕ ಒಯ್ಯಾಕತ್ತೇನಿ."

ಚೌಡಾಪುರ ಬರುವಷ್ಟರಲ್ಲಿ ಇಡೀ ಬಸ್ಸಿಗೆ ಗೊತ್ತಾಗಿತ್ತು. ಹಿಂದಿನ ಸೀಟಿನ ಅಜ್ಜನೊಬ್ಬ, ಗಿಡ ತಾನೇ ಗೋಡೆ ಬೇಕೆಂದು ಕೇಳಿತ್ತೇನು ಎಂದು ವಿಚಾರಿಸಿ ಎಲ್ಲರನ್ನೂ ನಗಿಸಿದ. ಶಾಹಿದನೂ ನಕ್ಕ. ಆದರೆ ಒಳಗೊಳಗೆ, ಆಪಾ ಯಾಕೆ ಇಷ್ಟು ನೆವ ಹೇಳುತ್ತಿದ್ದಾಳೆಂದು ಅವನಿಗೆ ಇರುಸುಮುರುಸಾಗಿತ್ತು. ಗಿಡವೇನಾದರೂ ಒಣಗಿಹೋಗಿದ್ದರೆ ಅಮ್ಮನಿಗೆ ಏನು ಹೇಳುವುದು?

ಆಳಂದದಲ್ಲಿ ಚಮನಬಿ ಚಹಾ ಕೊಟ್ಟಳು, ಉಪ್ಪಿಟ್ಟು ಕೊಟ್ಟಳು, ಮತ್ತೆ ಚಹಾ ಕೊಟ್ಟಳು. ಅವನು ಮಾಳಿಗೆಯ ಮೆಟ್ಟಿಲಿನತ್ತ ನಡೆದಾಗ ಮಾತ್ರ ಅಡ್ಡ ಬಂದು ನಿಂತಳು. ಆಮೇಲೆ ಅವನ ತೋಳು ಹಿಡಿದು ಹಿತ್ತಲಿಗೆ ಕರೆದುಕೊಂಡು ಹೋಗಿ, ಮೇಲೆ ನೋಡು ಅಂದಳು.

ಮೇಲೆ ಮಾಳಿಗೆಗಿಂತ ಎತ್ತರಕ್ಕೆ ಹುಣಸೆಮರ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ಶಾಹಿದನಿಗೆ ಹಿತ್ತಲ ಗಿಡ ಕಣ್ಣಿಗೂ ಬಿದ್ದಿರಲಿಲ್ಲ. ಪ್ರತಿ ಈದಿಗೆ ಬಂದಾಗಲೂ ಅದೇ ನೆರಳಿನಲ್ಲಿ ಮಂಚ ಹಾಕಿಕೊಂಡು ಗೊರಕೆ ಹೊಡೆದಿದ್ದ. ಪೊರೆಗಣ್ಣಿನ ಅಮ್ಮನೂ ಅದರ ಬೊಡ್ಡೆಗೆ ಒರಗಿ ಕೂತು, ನನ್ನ ಗಿಡ ಹೇಗಿದೆ ಎಂದು ಕೇಳಿದ್ದಳು. ಮಾಳಿಗೆ ಮೇಲೆ ಚೆನ್ನಾಗಿದೆ ಎಂದು ಆಪಾ ಹೇಳಿದ್ದಳು.

"ಮದುವಿಯಾದ ವರ್ಷದ ರಮಜಾನ್, ಕೆಟ್ಟ ಬ್ಯಾಸಗಿ ಇತ್ತು. ನಾನೂ ರೋಜಾ ಇದ್ದೆ," ಚಮನಬಿ ಸೆರಗಿನ ತುದಿ ತಿರುವುತ್ತ ಹೇಳಿದಳು. "ಅಮ್ಮಾ ಹೇಳಿದ ಅಳತಿಗೆ ಒಂದು ಲೋಟ ನೀರು ಹಾಕ್ತಿದ್ದೆ. ಒಂದಿನ ಸಂಜಿಗೆ ನೀರು ಬಾಯಿಗಿಟ್ಟೆ, ಎದುರಿಗೆ ಈ ಗಿಡ. ನಾವು ಸಂಜಿಗೆ ರೋಜಾ ಬಿಡ್ತೇವಿ, ಇದರ ರೋಜಾ ಯಾವಾಗ ಬಿಡೂದು ಅನಿಸ್ತು. ತಡಕೊಳ್ಳಾಕ ಆಗಲಿಲ್ಲ. ತಂತಿ ಬಿಚ್ಚಿ ಇಲ್ಲಿ ನೆಲಕ್ಕ ಹಚ್ಚಿಬಿಟ್ಟೆ."

ಅತ್ತೆ ಪ್ಯಾರಿಬಿ ಆಗ ಸೊಸೆಗೆ ಪುಣ್ಯ ಬಂತೆಂದು ಹೇಳಿದ್ದಳಂತೆ. ಆದರೆ ತಾಯಿ ವರ್ಷಗಟ್ಟಲೆ ತೊಡೆಯ ಮೇಲೆ ಸಾಕಿದ ಗಿಡವನ್ನು ಒಂದೇ ಸಂಜೆಯಲ್ಲಿ ಕೆಡಿಸಿದೆನೆಂಬ ಅಳುಕು ಚಮನಬಿಗೆ ಅಂದಿನಿಂದಲೂ ಇತ್ತು, ಗಿಡದ ಜೊತೆಗೇ ಬೆಳೆದಿತ್ತು. ಶಾಹಿದ ತನ್ನ ಗಿಡದ ಫೋಟೋವನ್ನೇ ಎಡಬಲ ತಿರುವಿ ಮೂರನೆಯದೆಂದು ಹಾಕಿಬಿಡಲಿ, ಕಂಪ್ಯೂಟರಿಗೆ ಅದೇನು ದೊಡ್ಡದು ಎಂದು ಅಂಗಲಾಚಿದಳು.

ಆಗುತ್ತಿತ್ತು, ಕ್ಷಣದ ಕೆಲಸ. ಶಾಹಿದ ಅದನ್ನು ಯೋಚಿಸಲಿಲ್ಲವೆಂದರೆ ಸುಳ್ಳಾದೀತು. ಆದರೆ ಕಣ್ಣು ಬಂದ ತಾಯಿಗೆ ಮೊದಲು ತೋರಿಸುವುದೇ ಸುಳ್ಳಾದರೆ ಪೊರೆ ತೆಗೆಸಿದ್ದು ಯಾತಕ್ಕೆ? ಅವನಿಗೆ ಅಕ್ಕನನ್ನು ನೋಡಿ ಕನಿಕರವಾಯಿತು. ಮೊಣಕೈ ಎತ್ತರದ ಗಿಡಕ್ಕೆಂದು ಮಾಡಿದ ಗೋಡೆ ಈ ಮರದ ಬೊಡ್ಡೆಗೂ ಸಾಲುವಂತಿರಲಿಲ್ಲ. ಆದರೂ ಹೊತ್ತು ತಂದದ್ದಕ್ಕೆ ಇರಲೆಂದು ಅದನ್ನು ಬಿಡಿಸಿ ಮರದ ಕೆಳಗೆ ಮೇಜಿನ ಮೇಲೆ ನಿಲ್ಲಿಸಿ, ಬಟ್ಟೆ ಇಳಿಬಿಟ್ಟ. ಹಳೆಯ ಮಣ್ಣಿನ ತಾಟು ಎಲ್ಲಿ ಎಂದು ಕೇಳಿದ. ಗುಬ್ಬಿಗಳಿಗೆ ನೀರಿಡಲು ಇಟ್ಟುಕೊಂಡಿದ್ದನ್ನು ಚಮನಬಿ ಒರೆಸಿ ತಂದಳು. ಬರೀ ತಾಟು ಬೂದು ಬಟ್ಟೆಯ ಮುಂದೆ ಕೂತಿತು.

ಅಷ್ಟರಲ್ಲಿ ಇಳಿಬಿಸಿಲು ಬಂತು. ಬೊಡ್ಡೆಯ ಕೆಳಗಿಂದ ಮೇಲಕ್ಕೆದ್ದ ಒಂದು ಸಣ್ಣ ರೆಂಬೆಯ ನೆರಳು ಬಟ್ಟೆಯ ಮೇಲೆ ಬಿತ್ತು.

ಶಾಹಿದ ಗೋಡೆಯನ್ನು ಒಂದಿಷ್ಟು ಎಡಕ್ಕೆ ಸರಿಸಿದ. ನೆರಳೂ ಬಟ್ಟೆಯ ಮೇಲೆ ಸರಿಯಿತು. ಮತ್ತೆ ಹಿಂದಕ್ಕೆ, ಸ್ವಲ್ಪ ಓರೆಗೆ. ಮನೆಯ ಗೋಡೆಯಾಗಿದ್ದರೆ ಇಷ್ಟು ಮಾತು ಕೇಳುತ್ತಿತ್ತೇ? ಗಾಳಿ ಬಾರದಂತೆ ಚಮನಬಿ ರೆಕ್ಕೆಯ ಪಕ್ಕದಲ್ಲಿ ದುಪ್ಪಟಿ ಹಿಡಿದು ನಿಂತಳು. ರೆಂಬೆಯ ಬುಡದ ನೆರಳು ತಾಟಿನ ಅಂಚಿಗೆ ಬಂದು ಕೂಡಿದ ಗಳಿಗೆಯಲ್ಲಿ, ಬರಿದಾದ ತಾಟಿನಿಂದ ಒಂದು ಪುಟ್ಟ ಹುಣಸೆ ಎದ್ದು ನಿಂತಿತು, ಎಲೆಎಲೆಯೂ ಬಿಡಿಬಿಡಿಯಾಗಿ. ಶಾಹಿದ ಉಸಿರು ಹಿಡಿದು ಫೋಟೋ ತೆಗೆದ.

ಮೂರನ್ನೂ ಒಂದೇ ಹಾಳೆಯಲ್ಲಿ ಸಾಲಾಗಿ ಮುದ್ರಿಸಿ ಅಮ್ಮನ ಮಂಚದ ಎದುರು ಹಚ್ಚಿದ. ಒಂದೇ ಬೂದು ಗೋಡೆಯ ಮುಂದೆ ಮೂರು ತಾಟು. ಅಮ್ಮ ಕೈಯೂರಿ ಎದ್ದುಬಂದು ಮೊದಲನೆಯದನ್ನು ನೋಡಿದಳು, ಎರಡನೆಯದನ್ನು ನೋಡಿದಳು. ಮೂರನೆಯದರ ಮುಂದೆ ನಿಂತುಬಿಟ್ಟಳು. ಶಾಹಿದ ಬಾಗಿಲ ಚೌಕಟ್ಟು ಹಿಡಿದುಕೊಂಡ. ನೆಪ ಹುಡುಕದೆ ಇದ್ದದ್ದನ್ನು ಇದ್ದಂತೆ ಹೇಳಿಬಿಟ್ಟ: ರಮಜಾನಿನ ಬೇಸಗೆ, ಒಂದು ಲೋಟ ನೀರು, ಹಿತ್ತಲು.

ಅಮ್ಮ ಬೆರಳಿನಿಂದ ನೆರಳಿನ ಬೊಡ್ಡೆಯನ್ನು ಕೆಳಗಿನಿಂದ ಮೇಲಕ್ಕೆ ಸವರಿದಳು. ಆಮೇಲೆ ಚಮನಬಿಗೆ ಫೋನು ಹಚ್ಚು ಅಂದಳು. ಆ ಕಡೆ ಆಪಾ ಸಲಾಮು ಹೇಳುವ ಮೊದಲೇ ಅಮ್ಮ ಕೇಳಿದಳು:

"ಚಮನ, ಕಾಯಿ ಬಿಟ್ಟದೇನಬೇ?"

ಆ ಕಡೆಯಿಂದ ಮೂಗೆಳೆಯುವ ಸದ್ದು. ಆಮೇಲೆ, ವರ್ಷಾ ವರ್ಷಾ ಬಿಡ್ತದಮ್ಮಾ, ಓಣಿಗೆಲ್ಲ ಕೊಡ್ತೇನಿ ಎಂಬ ದನಿ.

"ಅಳಬ್ಯಾಡ. ನಿಮ್ಮಪ್ಪ ಇದ್ದಾಗ ನಮಗ ಒಂದು ಗೇಣು ನೆಲ ಎಲ್ಲಿತ್ತು? ಯಾವ ಮಾಲಕನೂ ಅಂಗಳದಾಗ ಒಂದು ಕುಣಿ ತೋಡಾಕ ಬಿಡಲಿಲ್ಲ. ಎತ್ತಿ ಒಯ್ಯಾಕ ಬರ್ಲಿ ಅಂತ ತಾಟಿನಾಗ ಇಟ್ಟೆ. ನಾ ಉಪವಾಸ ಇಟ್ಟಿದ್ದೆ, ನೀ ರೋಜಾ ಬಿಡಿಸಿದಿ."

ಶಾಹಿದ ಕಣ್ಣೊರೆಸಿಕೊಳ್ಳಲು ಅಂಗಳಕ್ಕೆ ಹೋದ. ಖಮರ ಆಗಲೇ ಅಲ್ಲಿ ಬಂದು ಅದೇ ಕೆಲಸ ಮಾಡುತ್ತಿದ್ದಳು. ಒಳಗೆ ಅಮ್ಮ ಫೋನಿನಲ್ಲಿ ಮರದ ಬೊಡ್ಡೆ ಎಷ್ಟು ದಪ್ಪ, ನೆರಳು ಯಾವ ಕಡೆ ಬೀಳುತ್ತದೆ, ಗಿಣಿ ಬರುತ್ತವೋ ಇಲ್ಲವೋ ಎಂದೆಲ್ಲ ವಿಚಾರಿಸಿ, ಹಣ್ಣಾದಾಗ ಸಾರಿಗೆ ಒಂದು ಚೀಲ ಕಳಿಸೆಂದು ಹೇಳಿ ಫೋನಿಟ್ಟಳು. ಆಮೇಲೆ ಅಂಗಳಕ್ಕೆ ಬಂದು ಶಾಹಿದನ ಗಿಡದ ಮುಂದೆ ಕುಕ್ಕರಗಾಲಿನಲ್ಲಿ ಕೂತಳು.

"ಈ ಮನಿ ನಿಂದೇ ಅಲ್ಲೇನಲೇ?"

ಹೌದಮ್ಮಾ ಅಂದ ಅವನು. ಅಮ್ಮ ತಂತಿಯ ತುದಿ ಹುಡುಕಿ, ಹೊಸ ಕಣ್ಣಿನಿಂದ ನೋಡಿಕೊಂಡು, ಒಂದೊಂದೇ ಸುತ್ತು ಬಿಚ್ಚತೊಡಗಿದಳು. ಶಾಹಿದ ಗುದ್ದಲಿ ತರಲು ಪಕ್ಕದ ಮನೆಗೆ ಹೋದ.